ಏಡ್ಸ್ ನಿವಾರಣೆಯ ಭಿತ್ತಿಪತ್ರಗಳಲ್ಲಿ ಸ್ತ್ರೀಸಂಬೋಧನೆ

ಶಾಸನವನ್ನು ಓದುವವರು ಮೊದಲು ವಿಚಾರಿಸತಕ್ಕ ಸಂಗತಿಗಳು ಮೂರು: ಬರೆಸಿದವರು ಯಾರು, ನಿಲ್ಲಿಸಿದ ಸ್ಥಳ ಯಾವುದು, ಯಾರ ಕಣ್ಣಿಗೆ ಬೀಳಲೆಂದು ನಿಲ್ಲಿಸಿದ್ದು. ಕಲ್ಲಿನ ಮೇಲಲ್ಲದೆ ಕಾಗದದ ಮೇಲೆ ಅಚ್ಚಾಗಿ, ಗೋಡೆಗೆ ಅಂಟಿ, ಒಂದು ಮಳೆಗಾಲವನ್ನೂ ತಾಳದೆ ಹರಿದುಹೋಗುವ ಭಿತ್ತಿಪತ್ರಕ್ಕೂ ಈ ಪ್ರಶ್ನೆಗಳು ಹಾಗೆಯೇ ಸಲ್ಲುವುವು. ಇಂತಹ ಪತ್ರಗಳನ್ನು ಕಾಪಾಡಿಡಬೇಕೆಂಬ ಬುದ್ಧಿ ಯಾರಿಗಾದರೂ ತೋರುವುದು ಅಪೂರ್ವ. ಏಡ್ಸ್ ರೋಗದ ವಿಷಯದಲ್ಲಿ ಅದು ಅಮೆರಿಕದ ರೋಚೆಸ್ಟರ್ ಪಟ್ಟಣದ ವೈದ್ಯರಾದ ಎಡ್ವರ್ಡ್ ಆಟ್‌ವಾಟರ್ ಎಂಬವರಿಗೆ ತೋರಿತು. ಅವರು 1990ರ ಸುಮಾರಿನಿಂದ ಕೂಡಿಸುತ್ತ ಬಂದು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಸಂಗ್ರಹದಲ್ಲಿ 130ಕ್ಕೂ ಹೆಚ್ಚು ದೇಶಗಳ, 76 ಭಾಷೆಗಳ, 8,000ಕ್ಕೆ ಮೇಲ್ಪಟ್ಟ ಭಿತ್ತಿಪತ್ರಗಳಿರುವುವು. ಒಂದೇ ರೋಗವನ್ನು ಕುರಿತು ಲೋಕದ ಇಷ್ಟು ಭಾಷೆಗಳಲ್ಲಿ ಇಷ್ಟು ವಾಕ್ಯಗಳು ಕೆಲವೇ ದಶಕಗಳಲ್ಲಿ ರಚಿತವಾದ ನಿದರ್ಶನ ಹಿಂದೆ ಇದ್ದಂತೆ ತೋರುವುದಿಲ್ಲ. ಆದುದರಿಂದ ಇವು ವೈದ್ಯರಿಗೆ ಮಾತ್ರವಲ್ಲ, ವಾಕ್ಯಾರ್ಥವಿಚಾರ ಮಾಡತಕ್ಕವರಿಗೂ ಸೇರಿದ ಸಾಮಗ್ರಿ.

ಈ ವಾಕ್ಯಗಳಲ್ಲಿ ಸ್ತ್ರೀಯ ಸ್ಥಾನವಾವುದೆಂಬುದು ಪ್ರಕೃತ ವಿಚಾರ. ವ್ಯಾಕರಣದಲ್ಲಿ ಪುರುಷಗಳು ಮೂರು. ಯಾರ ವಿಷಯವಾಗಿ ಮಾತು ನಡೆಯುವುದೋ ಅದು ಪ್ರಥಮಪುರುಷ. ಯಾರನ್ನು ಕುರಿತು ನಡೆಯುವುದೋ ಅದು ಮಧ್ಯಮಪುರುಷ. ಮಾತನಾಡುವವರು ತಾವೇ ಉತ್ತಮಪುರುಷ. ಇದು ಬರಿಯ ಸಂಜ್ಞೆಯಾದುದರಿಂದ ಸ್ತ್ರೀಯೂ ಈ ಪುರುಷತ್ರಯದಲ್ಲಿ ಸೇರತಕ್ಕವಳೆಂದು ಬೇರೆ ಹೇಳಬೇಕಾಗಿಲ್ಲ. ರೋಗದ ಭಿತ್ತಿಪತ್ರಗಳಲ್ಲಾದರೋ ಅವಳು ಬಹುಕಾಲ ಪ್ರಥಮಪುರುಷದಲ್ಲಿಯೇ ನಿಂತಿದ್ದಳು. ಅವಳನ್ನು 'ನೀನು' ಎಂದು ಕರೆದದ್ದು ತಡವಾಗಿ. ಹಾಗೆ ಕರೆದಾಗಲೂ ಅವಳ ಕೈಲಿಲ್ಲದ ಕೆಲಸವನ್ನೇ ಅವಳಿಗೆ ವಿಧಿಸಿದರು. ಈ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ಪರಿಶೀಲಿಸಬೇಕು.

ಪ್ರಥಮಪುರುಷದ ಕಥೆ ಏಡ್ಸಿಗಿಂತ ಬಹಳ ಹಳೆಯದು. 16ನೆಯ ಶತಮಾನದ ಭಾವಮಿಶ್ರನು ತನ್ನ 'ಭಾವಪ್ರಕಾಶ'ದಲ್ಲಿ, ಪೂರ್ವಗ್ರಂಥಗಳಲ್ಲಿಲ್ಲದ ಒಂದು ಹೊಸ ಮೇಹವ್ಯಾಧಿಯನ್ನು ವರ್ಣಿಸಿ ಅದಕ್ಕೆ 'ಫಿರಂಗ'ವೆಂದು ಹೆಸರಿಟ್ಟನು. ನಮ್ಮ ನಾಡಿನವರು ಪರಂಗಿ ರೋಗವೆಂದದ್ದು ಇದನ್ನೇ. ಫಿರಂಗಿ ಪುರುಷನ ಅಂಗಸಂಪರ್ಕದಿಂದಲೂ ಫಿರಂಗಿ ಸ್ತ್ರೀಯ ಸಂಗದಿಂದಲೂ ಇದು ಬರುವುದೆಂದು ಅವನು ಹೇಳಿರುವನು. ದೋಷವನ್ನು ಪರದೇಶದವರ ಮೇಲೆ ಹೊರಿಸಿದ್ದು ನಿಜ. ಆದರೆ ಸ್ತ್ರೀಪುರುಷರಿಬ್ಬರನ್ನೂ ಒಂದೇ ಉಸಿರಿನಲ್ಲಿ ಹೆಸರಿಸಿರುವನೆಂಬುದನ್ನು ಗಮನಿಸಬೇಕು. ಮೂರು ಶತಮಾನಗಳ ಅನಂತರ ರಾಜ್ಯಶಾಸನಗಳನ್ನು ರಚಿಸಿದವರಲ್ಲಿ ಇಷ್ಟು ಸಮದೃಷ್ಟಿಯೂ ಇರಲಿಲ್ಲ. ಇಂಗ್ಲೆಂಡಿನಲ್ಲಿ 1864, 1866, 1869ರಲ್ಲಿ ಹೊರಟ ಸಾಂಕ್ರಾಮಿಕರೋಗ ಶಾಸನಗಳ ಪ್ರಕಾರ, ದಂಡು ಇಳಿದಿರುವ ಊರುಗಳಲ್ಲಿ ವೇಶ್ಯೆಯೆಂದು ಪೋಲೀಸಿನವರು ಸಂಶಯಪಟ್ಟ ಹೆಂಗಸನ್ನು ಬಲಾತ್ಕಾರವಾಗಿ ಪರೀಕ್ಷಿಸಿ, ರೋಗವಿದ್ದರೆ ಆಸ್ಪತ್ರೆಯಲ್ಲಿ ಕೂಡಿಹಾಕಬಹುದಾಗಿತ್ತು. ಅವಳ ಬಳಿಗೆ ಬರುವ ಸಿಪಾಯಿಗೆ ಈ ಶಾಸನಗಳಲ್ಲಿ ಯಾವ ನಿರ್ಬಂಧವೂ ಇರಲಿಲ್ಲ. ಭಾರತದಲ್ಲಿಯೂ 1868ರಲ್ಲಿ ಇಂತಹದೇ ಶಾಸನವಾಯಿತು. ಮದರಾಸು ಆಧಿಪತ್ಯದ ದಂಡುಗಳಲ್ಲಿ 'ಲಾಕ್ ಆಸ್ಪತ್ರೆ'ಗಳೆಂಬುವು ನಡೆಯುತ್ತಿದ್ದುವು. ಬೆಂಗಳೂರು ದಂಡಿನಲ್ಲಿಯೂ ಒಂದಿದ್ದಿತು. ಜೋಸೆಫೀನ್ ಬಟ್ಲರ್ ಮೊದಲಾದ ಸ್ತ್ರೀಯರು ಎಡೆಬಿಡದೆ ಹೋರಾಡಿದ ಮೇಲೆ ಇಂಗ್ಲೆಂಡಿನ ಶಾಸನಗಳು 1886ರಲ್ಲಿಯೂ ಭಾರತದ ಶಾಸನವು 1888ರಲ್ಲಿಯೂ ರದ್ದಾದುವು. ಶಾಸನ ಹೋದರೂ ಅದರ ಹಿಂದಿದ್ದ ವಾಕ್ಯ ಹೋಗಲಿಲ್ಲ. 'ರೋಗವೆಂಬುದು ಅವಳಲ್ಲಿದೆ' ಎಂಬುದೇ ಆ ವಾಕ್ಯ.

ಎರಡನೆಯ ಮಹಾಯುದ್ಧದಲ್ಲಿ ಅದು ಚಿತ್ರರೂಪವನ್ನು ತಾಳಿ ಗೋಡೆಗೇರಿತು. ಆಗ ಅಮೆರಿಕದ ಆರೋಗ್ಯ ಇಲಾಖೆಯವರು ಹೊರಡಿಸಿದ ಪ್ರಸಿದ್ಧವಾದ ಒಂದು ಭಿತ್ತಿಪತ್ರದಲ್ಲಿ, ನಸುನಗುವ ಒಬ್ಬ ತರುಣಿಯ ಮುಖ. ಬಾಹ್ಯದಲ್ಲಿ ಅವಳು ನಿರ್ಮಲಳಾಗಿ ಕಂಡರೂ ಅಂತಹವರೇ ರೋಗವನ್ನು ಹರಡುವರೆಂದು ಮೇಲಿನ ಬರಹದ ತಾತ್ಪರ್ಯ. ರೋಗ ತಗುಲಿಸಿಕೊಂಡರೆ ಶತ್ರುವನ್ನು ಸೋಲಿಸಲಾರಿರಿ ಎಂದು ಕೆಳಗಿನ ಬರಹ. 'ಅವಳು' ಎಂಬುದು ಹೆಂಗಸು, 'ನೀವು' ಎಂಬುದು ಸಿಪಾಯಿ. ಅವಳಿಗೂ ರೋಗ ಬಂದದ್ದು ಯಾವನೋ ಒಬ್ಬ ಗಂಡಸಿನಿಂದಲೇ ಎಂಬುದಕ್ಕೆ ಆ ಪತ್ರದಲ್ಲಿ ಎಡೆಯಿಲ್ಲ. ಅವಳೇ ಬೀದಿಯಲ್ಲಿ ಹೋಗುತ್ತ ಆ ಪತ್ರವನ್ನು ಓದಿದರೆ ತನ್ನ ರಕ್ಷಣೆಗೆ ಅಲ್ಲಿಂದ ಒಂದು ಅಕ್ಷರವೂ ದೊರೆಯುತ್ತಿರಲಿಲ್ಲ. ಏಡ್ಸಿನ ಭಿತ್ತಿಪತ್ರಗಳನ್ನು ಬರೆಯಲು ಕುಳಿತವರ ಮುಂದೆ ಮೇಲ್ಪಂಕ್ತಿಯಾಗಿದ್ದುದು ಇಂತಹ ಪತ್ರಗಳು.

ಏಡ್ಸ್ ಮೊದಲು ವರದಿಯಾದುದು 1981ರ ಜೂನ್ 5ರಂದು, ಲಾಸ್ ಏಂಜಲೀಸಿನ ಐವರು ತರುಣರ ವಿಷಯವಾಗಿ. ಅದು ಗಂಡಸರ ರೋಗವೆಂಬ ಭಾವನೆ ಆಗಲೇ ಬೇರೂರಿತು. 1987ರ ಜನವರಿಯಲ್ಲಿ ಇಂಗ್ಲೆಂಡಿನ ಸರ್ಕಾರದವರು ಮನೆಮನೆಗೂ ಹಂಚಿದ ಪತ್ರಿಕೆಯೂ ಅದರ ಜೊತೆಯ ಗೋರಿಗಲ್ಲಿನ ಚಿತ್ರವೂ, ಅಜ್ಞಾನದಿಂದ ಸಾಯಬೇಡಿರೆಂದು ಎಲ್ಲರಿಗೂ ಸಮನಾಗಿ ಆಜ್ಞಾಪಿಸಿದುವು. ಆಲಂಕಾರಿಕರು ಪ್ರಭುಸಮ್ಮಿತವೆಂದು ಕರೆಯುವ ಉಪದೇಶರೀತಿ ಇದು. ಅರಸನು ಕಾರಣ ಹೇಳುವುದಿಲ್ಲ, ಬೇಡವೆಂದರೆ ಬೇಡ. ಎಲ್ಲರಿಗೂ ಹೇಳಿದ ಮಾತು ಸ್ತ್ರೀಗೆ ಎಷ್ಟುಮಟ್ಟಿಗೆ ತಗಲಿತೆಂಬುದನ್ನು ಯಾರೂ ಆಗ ಪ್ರತ್ಯೇಕವಾಗಿ ವಿಚಾರಿಸಲಿಲ್ಲ.

ವಿಚಾರಿಸಿದವರು ಸರ್ಕಾರದ ಹೊರಗಿನವರು. ಅಮೆರಿಕದಲ್ಲಿ ಏಡ್ಸ್ ಎಂದು ನಿರ್ಣಯಿಸುವುದಕ್ಕೆ ರಾಜಕೀಯ ವೈದ್ಯಾಧಿಕಾರಿಗಳು ಮಾಡಿದ್ದ ಲಕ್ಷಣವು ಬಹುಮಟ್ಟಿಗೆ ಗಂಡಸರಲ್ಲಿ ಕಂಡ ಚಿಹ್ನೆಗಳನ್ನು ಆಧರಿಸಿದ್ದಿತು. ಸ್ತ್ರೀಯರಲ್ಲಿ ಈ ಸೋಂಕಿನಿಂದ ಉಲ್ಬಣಿಸುವ ಗರ್ಭಕಂಠದ ಕ್ಯಾನ್ಸರ್ ಮೊದಲಾದುವು ಅದರಲ್ಲಿ ಸೇರಿರಲಿಲ್ಲವಾದುದರಿಂದ ಅನೇಕ ಹೆಂಗಸರು ಆ ರೋಗದಿಂದಲೇ ಸತ್ತರೂ ಲೆಕ್ಕಕ್ಕೆ ಬರಲಿಲ್ಲ. ಬದುಕಿದ್ದಾಗ ರೋಗಿಗಳಿಗೆ ಸಲ್ಲತಕ್ಕ ಸಹಾಯಧನವೂ ಅವರಿಗೆ ದೊರೆಯಲಿಲ್ಲ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಲಕ್ಷಣಕ್ಕೆ ಅವ್ಯಾಪ್ತಿದೋಷ. 1991ರಲ್ಲಿ 'ಗ್ರಾನ್ ಫ್ಯೂರಿ' ಎಂಬ ಚಿತ್ರಕಾರರ ಗುಂಪಿನವರು ನ್ಯೂಯಾರ್ಕ್, ಲಾಸ್ ಏಂಜಲೀಸುಗಳ ಬಸ್ಸು ನಿಲ್ದಾಣಗಳಲ್ಲಿ ಒಂದು ಭಿತ್ತಿಪತ್ರವನ್ನು ಹಚ್ಚಿದರು. ಹೆಂಗಸರಿಗೆ ಏಡ್ಸ್ ಬರುವುದಿಲ್ಲ, ಅದರಿಂದ ಸಾಯುತ್ತಾರೆ ಅಷ್ಟೆ ಎಂಬುದು ಅದರ ಅರ್ಥ. ಚಿತ್ರದಲ್ಲಿ ಸೌಂದರ್ಯಸ್ಪರ್ಧೆಗೆ ಸಾಲಾಗಿ ನಿಂತ ಯುವತಿಯರು. ಇಲ್ಲಿಯೂ ಸ್ತ್ರೀ ಪ್ರಥಮಪುರುಷದಲ್ಲಿಯೇ ಇರುವಳು. ಆದರೆ ವಾಕ್ಯವು ವ್ಯಾಜಸ್ತುತಿಯಂತೆ ತಲೆಕೆಳಗಾಗಿ, ದೋಷವನ್ನು ಅವಳಿಂದ ಎತ್ತಿ ಲಕ್ಷಣಕಾರರ ಮೇಲಿರಿಸಿತು. ನ್ಯಾಯಾಲಯದಲ್ಲಿ ಆಗಲೇ ವ್ಯಾಜ್ಯವೂ ನಡೆಯುತ್ತಿದ್ದಿತು. 1993ರ ಜನವರಿಯಿಂದ ಆ ಲಕ್ಷಣವನ್ನು ವಿಸ್ತರಿಸಿ ಗರ್ಭಕಂಠದ ಕ್ಯಾನ್ಸರನ್ನು ಸೇರಿಸಿದರು. ಭಿತ್ತಿಪತ್ರವೊಂದು ಶಾಸ್ತ್ರಲಕ್ಷಣದ ತಿದ್ದುಪಡಿಗೆ ಅಂಗವಾದ ಇಂತಹ ಉದಾಹರಣೆ ವಿರಳ.

ಭಾರತದಲ್ಲಿ ಈ ಸೋಂಕು ಮೊದಲು ಗೊತ್ತಾದುದೇ ಸ್ತ್ರೀಯರ ರಕ್ತದಲ್ಲಿ. 1986ರಲ್ಲಿ ಮದರಾಸು ವೈದ್ಯಕಾಲೇಜಿನ ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಎಸ್. ನಿರ್ಮಲಾ ಎಂಬ ವಿದ್ಯಾರ್ಥಿನಿ, ವೇಶ್ಯಾವೃತ್ತಿಯ ಕಾರಣದಿಂದ ಸರ್ಕಾರದ ಸ್ತ್ರೀಗೃಹದಲ್ಲಿರಿಸಲ್ಪಟ್ಟಿದ್ದವರ ರಕ್ತವನ್ನು ಕೂಡಿಸಿ ವೆಲ್ಲೂರಿಗೆ ಕೊಂಡೊಯ್ದು ಪರೀಕ್ಷಿಸಿದರು. ಆರು ಮಂದಿಯಲ್ಲಿ ಸೋಂಕು ಕಂಡಿತು. ಆ ಇಬ್ಬರು ಸ್ತ್ರೀಯರು ಆಸ್ಥೆಯಿಂದ ಮಾಡಿದ ಈ ಕೆಲಸ ದೇಶಕ್ಕೆ ಮಹೋಪಕಾರವಾಯಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹುಡುಕಿದ ಸ್ಥಳದಲ್ಲಿ ದೊರೆತದ್ದನ್ನು ಜನರು ಅದು ಹುಟ್ಟಿದ ಸ್ಥಳವೆಂದು ಭಾವಿಸಿದರು. ವೇಶ್ಯೆಯಿಂದ ಗಂಡಸಿಗೆ, ಗಂಡಸಿನಿಂದ ಮನೆಗೆ ಎಂಬ ಕ್ರಮವನ್ನು ಬಾಣದ ಗುರುತುಗಳಿಂದ ತೋರಿಸುವ ಚಿತ್ರಗಳು ಹೊರಟುವು. ಬಾಣದ ಬುಡ ಯಾವಾಗಲೂ ಅವಳಲ್ಲಿಯೇ.

ಈ ಕ್ರಮದ ಅತ್ಯಂತ ನಿಪುಣವಾದ ಉದಾಹರಣೆ ಮುಂಬಯಿಯದು. 2002ರ ಕೊನೆಯಲ್ಲಿ ಅಲ್ಲಿನ ಬೀದಿಗಳಲ್ಲೆಲ್ಲ ಬಲಬೀರ್ ಪಾಶಾ ಎಂಬ ಕಲ್ಪಿತ ಪುರುಷನ ಹೆಸರು ಕಾಣಿಸಿಕೊಂಡಿತು. ಬಲಬೀರ್ ಪಾಶಾನಿಗೆ ಏಡ್ಸ್ ಬರುವುದೇ? ಎಂಬುದು ಪ್ರಶ್ನೆ. ಅವನು ಒಮ್ಮೊಮ್ಮೆ ಕುಡಿದಾಗ ಮರೆಯುತ್ತಾನೆ. ಅವನು ಮಂಜುಳೆಯ ಬಳಿಗೆ ಮಾತ್ರ ಹೋಗುತ್ತಾನೆ, ಆದರೆ ಮಂಜುಳೆಯ ಬಳಿಗೆ ಇತರರೂ ಹೋಗುತ್ತಾರೆ. ಹೀಗಿರಲು ಬರುವುದೇ ಇಲ್ಲವೇ? ಹಳ್ಳಿಯ ಕಟ್ಟೆಯ ಮೇಲಿನ ಹರಟೆಯಂತೆ ಸಾಗುವ ಈ ಪ್ರಶ್ನಮಾಲೆ ಸುಹೃತ್ಸಮ್ಮಿತದ ಒಳ್ಳೆಯ ಮಾದರಿ. ಜನರು ಅವನನ್ನು ನೆರೆಯವನಂತೆ ನೆನೆದರು; ಸಲಹೆ ಕೇಳುವ ದೂರವಾಣಿಗೆ ಕರೆಗಳು ಹೆಚ್ಚಿದುವು. ತಮಿಳುನಾಡಿನಲ್ಲಿ ಮರುವರುಷವೇ ಪುಳ್ಳಿರಾಜನೆಂಬ ಹೆಸರಿನಿಂದ ಇದರ ತಮ್ಮನೊಬ್ಬನು ಹುಟ್ಟಿದನು. ಇದನ್ನು ಸಮರ್ಥಿಸುವವರು, ಪತ್ರವು ಗಂಡಸಿಗೆ ಹೇಳಿದ್ದು, ಗಂಡಸಿಗೆ ತಗಲಿತು, ಇನ್ನೇನು ಬೇಕು? ಎನ್ನುವರು, ಆ ಮಾತಿನಲ್ಲಿ ಹುರುಳುಂಟು. ಆದರೆ ಮಂಜುಳೆಗೆ ಏಡ್ಸ್ ಬರುವುದೇ ಎಂದು ಎಲ್ಲಿಯೂ ಕೇಳಲಿಲ್ಲ. ಅವಳು ಕಥೆಯಲ್ಲಿ ಬಂದದ್ದು ಹೇತುವಾಗಿ ಮಾತ್ರ. ಸ್ತ್ರೀಸಂಘದವರು ಆಗಲೇ ಇದನ್ನು ಎತ್ತಿ ಆಕ್ಷೇಪಿಸಿದರು.

ಓದುವವರಾರು ಎಂಬ ಪ್ರಶ್ನೆಗೆ ಅಂಕಿಗಳು ಬಹುಮಟ್ಟಿಗೆ ಉತ್ತರ ಹೇಳುವುವು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಏರ್ಪಟ್ಟದ್ದು 1992ರಲ್ಲಿ. ಅದಕ್ಕೆ ಹಿಂದಿನ ವರುಷದ ಜನಗಣತಿಯಂತೆ ದೇಶದ ಸ್ತ್ರೀಯರಲ್ಲಿ ಓದುಬರಹ ಬಲ್ಲವರು ನೂರಕ್ಕೆ 39, ಕರ್ನಾಟಕದಲ್ಲಿ 44. ಅಕ್ಷರವನ್ನು ನಂಬಿದ ಪತ್ರವು ಹೆಚ್ಚಿನ ಸ್ತ್ರೀಯರ ಪಾಲಿಗೆ ಬಣ್ಣದ ಕಾಗದವೇ ಸರಿ. ಸ್ಥಳವೂ ಅನುಕೂಲವಾಗಿರಲಿಲ್ಲ. ಲಾರಿ ನಿಲ್ದಾಣ, ಕ್ಷೌರದಂಗಡಿ, ಹೆಂಡದಂಗಡಿಯ ಗೋಡೆಗಳ ಮುಂದೆ ನಿಂತು ಓದುವ ಹೆಣ್ಣುಮಗಳು ಎಲ್ಲಿರುವಳು? ಬಸ್ಸು ನಿಲ್ದಾಣದಲ್ಲಿ ಅಂತಹ ಪತ್ರದ ಮುಂದೆ ಒಂದು ನಿಮಿಷ ಹೆಚ್ಚಾಗಿ ನಿಂತರೆ ಅವಳನ್ನು ನೋಡುವ ಕಣ್ಣುಗಳೇ ಬೇರೆ. ವಾಕ್ಯಕ್ಕೆ ಆಕಾಂಕ್ಷೆ, ಯೋಗ್ಯತೆಗಳಂತೆ ಸನ್ನಿಧಿಯೂ ಬೇಕೆಂದು ನೈಯಾಯಿಕರು ಪದಗಳ ವಿಷಯದಲ್ಲಿ ಹೇಳುವರು. ಓದುಗರ ವಿಷಯದಲ್ಲಿಯೂ ಅದೇ ಮಾತು. 1998-99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವಿವಾಹಿತ ಸ್ತ್ರೀಯರಲ್ಲಿ ಏಡ್ಸ್ ಎಂಬ ಹೆಸರನ್ನು ಕೇಳಿದ್ದವರೇ ನೂರಕ್ಕೆ 40 ಮಂದಿ.

ಇಷ್ಟರೊಳಗೆ ರೋಗವು ಮನೆಯೊಳಗೆ ಕಾಲಿಟ್ಟಿದ್ದಿತು. 1993ರಿಂದ 1996ರವರೆಗೆ ಪುಣೆಯಲ್ಲಿ ಮೇಹರೋಗದ ಚಿಕಿತ್ಸಾಲಯಗಳಿಗೆ ಬಂದ 916 ಸ್ತ್ರೀಯರನ್ನು ಪರೀಕ್ಷಿಸಿ ವೈದ್ಯರು 1997ರಲ್ಲಿ ಪ್ರಕಟಿಸಿದ ಲೇಖನ ಈ ದೃಷ್ಟಿಯಿಂದ ಮುಖ್ಯವಾದುದು. ಅವರಲ್ಲಿ 391 ಮಂದಿ ವೇಶ್ಯಾವೃತ್ತಿಗೆ ಸೇರದವರು. ಹೆಚ್ಚಿನವರು ಒಬ್ಬನೇ ಗಂಡನೊಡನೆ ಸಂಸಾರ ಮಾಡಿಕೊಂಡಿದ್ದ ಗೃಹಿಣಿಯರು. ಇವರಲ್ಲಿ ನೂರಕ್ಕೆ 13.6ರಷ್ಟು ಮಂದಿಗೆ ಎಚ್.ಐ.ವಿ. ಸೋಂಕಿದ್ದಿತು. ತಮ್ಮ ನಡತೆಯಲ್ಲಿ ಯಾವ ದೋಷವೂ ಇಲ್ಲದ ಇವರಿಗೆ ಸೋಂಕು ಬಂದ ದಾರಿ ಒಂದೇ, ಮದುವೆ.

ಆ ಕಾಲದ ಭಿತ್ತಿಪತ್ರಗಳು ಗೃಹಿಣಿಗೆ ಹೇಳುತ್ತಿದ್ದುದಾದರೂ ಏನು? ಒಬ್ಬ ಸಂಗಾತಿಗೆ ನಿಷ್ಠೆಯಿಂದಿರಿ. ಇಲ್ಲವಾದರೆ ನಿರೋಧ್ ಬಳಸಿ. ಮೊದಲನೆಯದನ್ನು ಅವಳು ಆಗಲೇ ಪಾಲಿಸುತ್ತಿದ್ದಳು. ಪಾಲಿಸಿಯೂ ಸೋಂಕಿಗೆ ಒಳಗಾದಳು. ಎರಡನೆಯದು ಅವಳ ಕೆಲಸವೇ ಅಲ್ಲ. ಕನ್ನಡದ ವಿಧ್ಯರ್ಥಕ ಕ್ರಿಯಾಪದಕ್ಕೆ ಲಿಂಗಭೇದವಿಲ್ಲವೆಂಬುದು ಸರ್ವವಿದಿತ. 'ಬಳಸಿದನು', 'ಬಳಸಿದಳು' ಎಂದು ಭೂತಕಾಲದಲ್ಲಿ ಬೇರೆಯಾಗುವ ರೂಪಗಳು 'ಬಳಸಿ' ಎಂಬಲ್ಲಿ ಒಂದಾಗಿಬಿಡುವುವು. ಆದುದರಿಂದ 'ನಿರೋಧ್ ಬಳಸಿ' ಎಂಬ ವಾಕ್ಯ ಇಬ್ಬರಿಗೂ ಹೇಳಿದಂತೆ ತೋರಿದರೂ, ಬಳಸತಕ್ಕವನು ಗಂಡಸೊಬ್ಬನೇ ಎಂಬುದನ್ನು ವ್ಯಾಕರಣವು ಸೆರಗಿನಲ್ಲಿ ಮುಚ್ಚಿಟ್ಟಿತು. ಪಾಣಿನೀಯರ ಮತದಲ್ಲಿ ಕರ್ತೃವೆಂದರೆ ಕ್ರಿಯೆಯಲ್ಲಿ ಸ್ವಾತಂತ್ರ್ಯವುಳ್ಳವನು. ಸ್ವಾತಂತ್ರ್ಯವಿಲ್ಲದವಳನ್ನು ಕರ್ತೃಸ್ಥಾನದಲ್ಲಿ ಕುಳ್ಳಿರಿಸಿದ ವಾಕ್ಯ ಇದು.

ಮೀಮಾಂಸಕರು ಇದೇ ವಿಷಯವನ್ನು ಇನ್ನೊಂದು ಮುಖದಿಂದ ನೋಡಿರುವರು. ಯಾವ ವಿಧಿಯೇ ಆಗಲಿ ಅದಕ್ಕೆ ಅಧಿಕಾರಿಯಾರು ಎಂಬುದನ್ನು ನಿರ್ಣಯಿಸಬೇಕು. ಫಲದಲ್ಲಿ ಅಪೇಕ್ಷೆ, ಮಾಡುವ ಸಾಮರ್ಥ್ಯ, ಮಾಡುವ ಕ್ರಮದ ಜ್ಞಾನ, ಈ ಮೂರೂ ಇದ್ದವನೇ ಅಧಿಕಾರಿ. ಕುರುಡನಿಗೆ ತುಪ್ಪವನ್ನು ದೃಷ್ಟಿಸಿ ನೋಡಬೇಕಾದ ಕರ್ಮದಲ್ಲಿಯೂ, ಕುಂಟನಿಗೆ ಹೆಜ್ಜೆಯಿಡಬೇಕಾದ ಕರ್ಮದಲ್ಲಿಯೂ ಅಧಿಕಾರವಿದೆಯೇ ಎಂದು ಜೈಮಿನಿಯ ಆರನೆಯ ಅಧ್ಯಾಯದಲ್ಲಿ ಚರ್ಚೆ ನಡೆದಿರುವುದು ಇದಕ್ಕಾಗಿಯೇ. ಏಡ್ಸಿನ ಭಿತ್ತಿಪತ್ರಗಳನ್ನು ರಚಿಸಿದವರು ಸ್ತ್ರೀಯಲ್ಲಿ ಜ್ಞಾನವೊಂದು ಮಾತ್ರ ಕೊರತೆಯೆಂದು ಭಾವಿಸಿ, ತಿಳಿಸಿದರೆ ಸಾಕು, ಮಾಡುವಳೆಂದು ನಂಬಿದರು. ಬದುಕಬೇಕೆಂಬ ಅಪೇಕ್ಷೆ ಅವಳಿಗೆ ಎಂದೂ ಇದ್ದಿತು. ಇಲ್ಲದ್ದು ಸಾಮರ್ಥ್ಯ. ಅದೇ ಆರನೆಯ ಅಧ್ಯಾಯದಲ್ಲಿ ದಂಪತಿಗಳಿಗೆ ಯಜ್ಞದಲ್ಲಿ ಸಹಾಧಿಕಾರವನ್ನು ಸಿದ್ಧಾಂತಪಡಿಸಿರುವುದು ಸ್ಮರಣೀಯ. ಇಬ್ಬರೂ ಸೇರಿ ಮಾಡಬೇಕಾದ ಕರ್ಮವನ್ನು ಒಬ್ಬರಿಗೆ ಮಾತ್ರ ವಿಧಿಸಿದರೆ ವಿಧಿ ನಿಷ್ಫಲವೆಂಬುದು ಅದರಿಂದಲೇ ಸಿದ್ಧಿಸುವುದು.

ಗಂಡನನ್ನು ಒಪ್ಪಿಸಬಾರದೇ ಎಂದು ಕೆಲವರು ಕೇಳಬಹುದು. ಹಲವು ಪತ್ರಗಳ ಇಂಗಿತವೂ ಅದೇ. ಅಂದರೆ ಕಾವ್ಯಕ್ಕೆ ಹೇಳಿದ ಕಾಂತಾಸಮ್ಮಿತೋಪದೇಶವನ್ನು ನಿಜವಾದ ಕಾಂತೆಯ ತಲೆಗೇ ಕಟ್ಟಿದರು. ಇದರ ಕಷ್ಟ ನಿರೋಧ್ ಎಂಬ ವಸ್ತುವಿನ ಚರಿತ್ರೆಯಲ್ಲಿಯೇ ಅಡಗಿರುವುದು. 1968ರಲ್ಲಿ ಭಾರತ ಸರ್ಕಾರವು ಕುಟುಂಬ ಯೋಜನೆಗಾಗಿ ಕಾಂಡೋಮನ್ನು ಈ ಹೆಸರಿನಿಂದ ಅಗ್ಗದ ಬೆಲೆಗೆ ಊರೂರಿನಲ್ಲಿ ಮಾರಲು ಏರ್ಪಡಿಸಿತು. ಯೋಗಶಾಸ್ತ್ರದಲ್ಲಿ ಚಿತ್ತವೃತ್ತಿಗಳ ತಡೆಯನ್ನು ಹೇಳುವ ಶಬ್ದ ಅಂಗಡಿಯ ಸರಕಿಗೆ ಹೆಸರಾದದ್ದನ್ನು ಕಂಡು ನಕ್ಕವರೂ ಉಂಟು. ನಗುವಿಗಿಂತ ಹೆಚ್ಚಾಗಿ ಅದಕ್ಕೊಂದು ಮರ್ಯಾದೆಯೂ ಉಂಟಾಯಿತು. ಮಕ್ಕಳು ಸಾಕೆಂಬುದು ಹೆಂಡತಿ ಗಂಡನಿಗೆ ಹೇಳಬಹುದಾದ ಮಾತು. ಆದರೆ ಮಕ್ಕಳು ಸಾಕೆನಿಸಿದ ಮೇಲೆ ಈ ನಾಡಿನ ಸ್ತ್ರೀ ಮಾಡಿಸಿಕೊಳ್ಳುವುದು ಆಪರೇಷನ್ನು. 2005-06ರ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಮಾಡಿಸಿಕೊಂಡಿದ್ದರು. ಕಾಂಡೋಮು ಬಳಸುವ ದಂಪತಿಗಳು ನೂರಕ್ಕೆ ಎರಡು ಮೂರನ್ನು ಮೀರಿರಲಿಲ್ಲ. ಆಪರೇಷನ್ನಾದ ಹೆಂಡತಿ ನಿರೋಧನ್ನು ಕೇಳಿದರೆ ಅದಕ್ಕೆ ಉಳಿಯುವ ಅರ್ಥ ಒಂದೇ: ಗಂಡನ ಮೇಲೆ ಸಂಶಯ, ಅಥವಾ, ಗಂಡನ ಬಾಯಿಂದ ಬರುವಂತೆ, ಅವಳ ಮೇಲೆಯೇ ಸಂಶಯ. ಒಂದು ಸರ್ಕಾರಿ ಗೋಡೆಯ ಉಪದೇಶವನ್ನು ಇನ್ನೊಂದು ಸರ್ಕಾರಿ ಗೋಡೆಯ ಉಪದೇಶ ಹೀಗೆ ಬಾಧಿಸಿತು. ಇದು ಯಾರೊಬ್ಬರ ದುರುದ್ದೇಶವಲ್ಲ. ಎರಡು ಇಲಾಖೆಗಳು ಒಂದೇ ಹೆಣ್ಣನ್ನು ಎರಡು ಕಡತಗಳಲ್ಲಿ ಇಟ್ಟುಕೊಂಡದ್ದರ ಫಲ.

ಸ್ತ್ರೀಯನ್ನು ನೇರವಾಗಿ ಮಧ್ಯಮಪುರುಷದಲ್ಲಿ ಕರೆದ ಪತ್ರಗಳೆಂದರೆ ಗರ್ಭಿಣಿಯರಿಗಾಗಿ ಬರೆದವು. ತಾಯಿಯಿಂದ ಮಗುವಿಗೆ ಸೋಂಕು ಹೋಗುವುದನ್ನು ಔಷಧದಿಂದ ಬಹಳಮಟ್ಟಿಗೆ ತಡೆಯಬಹುದೆಂದು 1994ರಲ್ಲಿ ಗೊತ್ತಾಯಿತು. 1999ರಲ್ಲಿ ನೆವಿರಪಿನ್ ಎಂಬ ಅಗ್ಗವಾದ ಔಷಧದ ಗುಣ ಪ್ರಕಟವಾಯಿತು. ಭಾರತದಲ್ಲಿ ಇದಕ್ಕಾಗಿ 2002ರಿಂದ ಕಾರ್ಯಕ್ರಮ ನಡೆದುಬಂದಿತು. ಪ್ರಸವದ ಆಸ್ಪತ್ರೆಯ ಗೋಡೆ ಹೆಂಗಸರು ಕುಳಿತು ಕಾಯುವ ಗೋಡೆ. ಹೇಳಿದ ಕೆಲಸ, ಅಂದರೆ ರಕ್ತ ಕೊಡುವುದು, ಗುಳಿಗೆ ನುಂಗುವುದು, ಅವಳು ತಾನೇ ಮಾಡಬಹುದಾದದ್ದು. ಆದುದರಿಂದ ಈ ವಿಧಿಗೆ ಅವಳು ನಿಜವಾಗಿಯೂ ಅಧಿಕಾರಿಣಿಯಾದಳು. ಅಸಂಖ್ಯಾತ ಮಕ್ಕಳು ಉಳಿದುವು. ಆದರೂ ಫಲಶ್ರುತಿಯೆಲ್ಲ ಮಗುವಿನದು. ಅವಳಿಗೆ ಆ ಸೋಂಕು ಎಲ್ಲಿಂದ ಬಂದಿತು, ಮಗು ಹುಟ್ಟಿದ ಮೇಲೆ ಅವಳ ಗತಿಯೇನು ಎಂಬುದು ಬಹುಕಾಲ ಈ ಪತ್ರಗಳ ವಿಷಯವಾಗಲಿಲ್ಲ. ಇನ್ನೊಂದು ವಿಪರೀತವೂ ಸಂಭವಿಸಿತು. ಸಂಸಾರದಲ್ಲಿ ಮೊದಲು ಪರೀಕ್ಷೆಗೆ ಬರುವವಳು ಗರ್ಭಿಣಿಯಾದುದರಿಂದ, ಮೊದಲು ರೋಗವುಳ್ಳವಳೆಂದು ಗೊತ್ತಾಗುವವಳೂ ಅವಳೇ. ಮೊದಲು ಗೊತ್ತಾದವಳೇ ಮೊದಲು ತಂದವಳೆಂದು ಅತ್ತೆಮನೆಯವರು ತೀರ್ಮಾನಿಸಿದ ಪ್ರಸಂಗಗಳು ಹಲವು. ಮದರಾಸಿನ ಸ್ತ್ರೀಗೃಹದ ವಿಷಯದಲ್ಲಿ ಜನರು ಮಾಡಿದ ತಪ್ಪನ್ನೇ ಇಲ್ಲಿ ಮನೆಯವರು ಮಾಡಿದರು.

ಉತ್ತಮಪುರುಷದ ಮಾತು ಕೇಳಿಬಂದದ್ದು ಯಾರೂ ಎದುರುನೋಡದ ಕಡೆಯಿಂದ. 1992ರಲ್ಲಿ ಕಲಕತ್ತೆಯ ಸೋನಾಗಾಛಿಯಲ್ಲಿ ಸ್ಮರಜಿತ್ ಜಾನಾ ಎಂಬ ವೈದ್ಯರು ಕೆಲಸಕ್ಕೆ ತೊಡಗಿದಾಗ, ಉಪದೇಶಿಸುವ ಕೆಲಸವನ್ನು ಆ ಕೇರಿಯ ಹೆಂಗಸರಿಗೇ ವಹಿಸಿದರು. ಅವರು ಹಸುರು ಮೇಲಂಗಿ ತೊಟ್ಟು, ಚಿತ್ರಪಟಗಳನ್ನು ಕೈಲಿ ಹಿಡಿದು ಮನೆಮನೆಗೆ ಹೋದರು. ಗೋಡೆಯ ಚಿತ್ರ ಕೈಯ ಚಿತ್ರವಾಯಿತು; ಕೇಳಿದರೆ ಉತ್ತರ ಕೊಡುವ ಬಾಯಿಯೂ ಜೊತೆಗಿದ್ದಿತು. ಬಂದವನು ನಿರೋಧನ್ನು ಒಲ್ಲೆನೆಂದರೆ ಒಬ್ಬಳು ನಿರಾಕರಿಸಿದಾಗ ಅವನು ಪಕ್ಕದ ಮನೆಗೆ ಹೋಗುವನು. ಕೇರಿಯವರೆಲ್ಲರೂ ನಿರಾಕರಿಸಿದರೆ ಅವನಿಗೆ ಬೇರೆ ದಾರಿಯಿಲ್ಲ. ಸಾಮರ್ಥ್ಯವೆಂಬುದು ಒಬ್ಬಳಲ್ಲಿಲ್ಲದಿದ್ದರೂ ಸಮುದಾಯದಲ್ಲಿ ಹುಟ್ಟಬಹುದೆಂದು ಅವರು ಕಂಡುಕೊಂಡರು. ಆರಂಭದಲ್ಲಿ ನೂರಕ್ಕೆ ಮೂರಕ್ಕಿಂತ ಕಡಿಮೆಯಿದ್ದ ನಿರೋಧ್ ಬಳಕೆ ಕೆಲವೇ ವರುಷಗಳಲ್ಲಿ ಹಲವು ಪಟ್ಟು ಏರಿತು. 1995ರಲ್ಲಿ ಅವರು ಕಟ್ಟಿಕೊಂಡ ಸಂಘಕ್ಕೆ 'ದುರ್ಬಾರ್' ಎಂದು ಹೆಸರು. 'ದುರ್ವಾರ' ಎಂಬ ಸಂಸ್ಕೃತ ಪದದ ಬಂಗಾಳೀ ಉಚ್ಚಾರವಿದು, ತಡೆಯಲಾಗದ್ದು ಎಂದರ್ಥ.

ಕನ್ನಡ ನಾಡಿಗೆ ಇನ್ನೂ ಹತ್ತಿರದ್ದು ಸಾಂಗಲಿಯ ಸಂಘ. ಅಲ್ಲಿನ ಹೆಂಗಸರಲ್ಲಿ ಬೆಳಗಾವಿ, ಬಾಗಲಕೋಟೆಗಳ ಕಡೆಯಿಂದ ಹೋದ ಕನ್ನಡ ಮಾತಿನ ದೇವದಾಸಿಯರು ಅನೇಕರು. ಅವರು 1996ರಲ್ಲಿ ಕಟ್ಟಿದ್ದು 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್'. ನಾಗರಿಕರು ನುಡಿಯಲು ಹಿಂಜರಿಯುವ ಶಬ್ದವನ್ನು ಅವರು ತಾವೇ ಎತ್ತಿ ತಮ್ಮ ಸಂಘದ ನೆತ್ತಿಯ ಮೇಲೆ ಇಟ್ಟುಕೊಂಡರು. ಇತ್ತ ಕರ್ನಾಟಕದ ಕಾಗದಪತ್ರಗಳಲ್ಲಿ ಅವರಿಗೆ 'ದಮನಿತ ಮಹಿಳೆಯರು' ಎಂಬ ಹೆಸರು ಬಂದಿತು. ಇದರಲ್ಲಿ ಕನಿಕರವುಂಟು, ಗೌರವದ ಉದ್ದೇಶವೂ ಉಂಟು. ಆದರೆ ಕರ್ಮಣಿ ಕೃದಂತ. ದಮನಕ್ಕೆ ಒಳಗಾದವಳೆಂದು ಅವಳನ್ನು ಇತರರು ಕರೆಯುವ ಹೆಸರೇ ಹೊರತು ಅವಳು ತನ್ನ ಕೆಲಸದಿಂದ ತಾನೇ ಹೇಳಿಕೊಳ್ಳುವ ಹೆಸರಲ್ಲ.

ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ಕೆಲಸದಿಂದ ಮರುವರುಷ 'ಆಶೋದಯ ಸಮಿತಿ' ಹುಟ್ಟಿತು. ಅಲ್ಲಿ ಎರಡು ವರುಷಗಳ ಅಂತರದಲ್ಲಿ ನಡೆದ ಎರಡು ಸಮೀಕ್ಷೆಗಳ ಅಂಕಿಗಳು ಈ ಚರ್ಚೆಗೆಲ್ಲ ಒರೆಗಲ್ಲಿನಂತಿರುವುವು. ಅಪರೂಪಕ್ಕೆ ಬರುವ ಗಿರಾಕಿಯೊಡನೆ ನಿರೋಧ್ ಬಳಸಿದವರು ನೂರಕ್ಕೆ 65ರಿಂದ 90ಕ್ಕೆ ಏರಿದರು. ಮತ್ತೆಮತ್ತೆ ಬರುವವನೊಡನೆ 53ರಿಂದ 66ಕ್ಕೆ. ತನ್ನವನೆಂದು ನಂಬಿದ ಗಂಡಸಿನೊಡನೆ 7ರಿಂದ 30ಕ್ಕೆ. ಸಂಘದ ಬಲವಿದ್ದು, ವಿಷಯವೆಲ್ಲ ತಿಳಿದು, ಬೇರೆಯವರಿಗೆ ಉಪದೇಶಿಸಬಲ್ಲ ಹೆಂಗಸು ಕೂಡ 'ತನ್ನವನ' ಮುಂದೆ ಬಂದಾಗ ಹತ್ತರಲ್ಲಿ ಏಳು ಸಲ ಸೋತಳು. ಹೀಗಿರುವಾಗ ಸಂಘವೂ ಇಲ್ಲದ, ಕೈಯಲ್ಲಿ ಕಾಸೂ ಇಲ್ಲದ ಗೃಹಿಣಿ ಆಸ್ಪತ್ರೆಯ ಗೋಡೆಯ ಮೇಲೆ ಓದಿದ ಒಂದು ಸಾಲಿನಿಂದ ಗೆಲ್ಲುವಳೆಂದು ನಿರೀಕ್ಷಿಸಿದವರ ಲೆಕ್ಕ ಎಂತಹದು? 2021ರ ಅಂದಾಜಿನಂತೆ ದೇಶದಲ್ಲಿ ಎಚ್.ಐ.ವಿ. ಸೋಂಕಿನೊಡನೆ ಬದುಕಿದ್ದವರು ಸುಮಾರು 24 ಲಕ್ಷ. ಅವರಲ್ಲಿ ನೂರಕ್ಕೆ ಸುಮಾರು 45 ಮಂದಿ ಸ್ತ್ರೀಯರು.

ವಾಕ್ಯವನ್ನು ತಿದ್ದುವುದಕ್ಕಿಂತ ಮೊದಲು ಉಪಾಯವನ್ನು ಅವಳ ಕೈಗೆ ಕೊಡಬೇಕೆಂಬುದನ್ನು ಅರಿತು ಕೇಳಿದವರು ಆಫ್ರಿಕದ ಸ್ತ್ರೀಯರು. ಹೆಂಗಸರು ಧರಿಸುವ ಕಾಂಡೋಮಿಗೆ ಅಮೆರಿಕದಲ್ಲಿ 1993ರಲ್ಲಿ ಅನುಮತಿ ದೊರೆತಿದ್ದರೂ ಬಡದೇಶಗಳಲ್ಲಿ ಅದು ಸಿಕ್ಕುತ್ತಿರಲಿಲ್ಲ. ಜಿಂಬಾಬ್ವೆಯ ಸ್ತ್ರೀಯರು ಸುಮಾರು 30,000 ರುಜುಗಳನ್ನು ಕೂಡಿಸಿ ಸರ್ಕಾರಕ್ಕೆ ಅರ್ಜಿ ಕೊಟ್ಟರು. 1997ರಲ್ಲಿ ಅದು ಅಲ್ಲಿ ಮಾರಾಟಕ್ಕೆ ಬಂದಿತು. ಬೆಲೆ ಹೆಚ್ಚು, ಗಂಡನ ಕಣ್ಣಿಗೆ ಬೀಳದಿರುವುದೂ ಕಷ್ಟ. ಆದುದರಿಂದ ಅದರ ಪ್ರಸಾರ ನಿರೀಕ್ಷಿಸಿದಷ್ಟಾಗಲಿಲ್ಲ. ಒಂದು ತಿಂಗಳು ಒಳಗೆ ಇಟ್ಟುಕೊಳ್ಳಬಹುದಾದ ಔಷಧದ ಉಂಗುರವನ್ನು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅನುಮೋದಿಸಿತು. 2024ರಲ್ಲಿ ದಕ್ಷಿಣ ಆಫ್ರಿಕ, ಉಗಾಂಡಗಳಲ್ಲಿ ಮುಗಿದ ಪರೀಕ್ಷೆಯಂತೂ ಆಶ್ಚರ್ಯಕರವಾದುದು: ಲೆನಕಪವಿರ್ ಎಂಬ ಔಷಧವನ್ನು ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡ 2,134 ತರುಣಿಯರಲ್ಲಿ ಒಬ್ಬಳಿಗೂ ಸೋಂಕು ತಗುಲಲಿಲ್ಲ.

ಇಂತಹ ಔಷಧ ಕನ್ನಡ ನಾಡಿನ ಆಸ್ಪತ್ರೆಗಳಿಗೆ ಬಂದ ದಿನ ಅದಕ್ಕೊಂದು ಭಿತ್ತಿಪತ್ರವನ್ನೂ ಬರೆಯಬೇಕಾಗುವುದು. ಆಗ ಬರೆಯುವವರು 'ಬಳಸಿ' ಎಂಬ ಹಳೆಯ ಕ್ರಿಯಾಪದವನ್ನು ಬಿಟ್ಟು 'ಹಾಕಿಸಿಕೊಳ್ಳಿ' ಎಂದು ಬರೆಯದೆ ವಿಧಿಯಿಲ್ಲ. ಸಂಸ್ಕೃತದಲ್ಲಿ ಕ್ರಿಯಾಫಲವು ಕರ್ತೃವಿಗೇ ಸೇರುವಾಗ ಧಾತುವಿಗೆ ಆತ್ಮನೇಪದವೂ ಇತರರಿಗೆ ಸೇರುವಾಗ ಪರಸ್ಮೈಪದವೂ ಹೇಗೋ, ಹಾಗೆ ಕನ್ನಡದಲ್ಲಿ ಆ ಕೆಲಸವನ್ನು ಮಾಡುವುದು 'ಕೊಳ್' ಎಂಬ ಧಾತು.